ಯೆಹೂದ್ಯರ ಧರ್ಮಗ್ರಂಥದಲ್ಲಿ ಸ್ತ್ರೀ : ಒಂದು ವಿಮರ್ಶೆ

ಪರಧರ್ಮದ ಗ್ರಂಥಗಳನ್ನು ಓದುವುದರಲ್ಲಿ ಎರಡು ಬಗೆಯ ಅವಿವೇಕಗಳುಂಟು. ನಮ್ಮಲ್ಲಿರುವುದೆಲ್ಲ ಅಲ್ಲಿಯೂ ಇದೆಯೆಂದು ತೋರಿಸಿ ಸಂತೋಷಪಡುವುದು ಒಂದು. ನಮ್ಮಲ್ಲಿರುವುದು ಅಲ್ಲಿ ಇಲ್ಲವೆಂದು ತೋರಿಸಿ ಹೆಮ್ಮೆಪಡುವುದು ಇನ್ನೊಂದು. ಈ ಎರಡರಲ್ಲಿಯೂ ಆ ಗ್ರಂಥವು ತಾನಾಗಿ ಏನು ಹೇಳುತ್ತದೆಂಬುದು ಓದುಗನ ಕಿವಿಗೆ ಬೀಳುವುದೇ ಇಲ್ಲ. ಯೆಹೂದ್ಯರ ಪ್ರಾಚೀನ ಧರ್ಮಗ್ರಂಥದಲ್ಲಿ ಬರುವ ಸ್ತ್ರೀಯರ ವಿಷಯದಲ್ಲಂತೂ ಈ ದೋಷವು ವಿಶೇಷವಾಗಿ ಕಂಡುಬರುತ್ತದೆ. ಆದ್ದರಿಂದ ಆ ಗ್ರಂಥದ ಕೆಲವು ಪ್ರಸಂಗಗಳನ್ನು ಅವುಗಳ ಟೀಕಾಪರಂಪರೆಯ ಸಹಿತ ಇಲ್ಲಿ ಪರಿಶೀಲಿಸಲು ಬಯಸಿದ್ದೇವೆ.

ಕನ್ನಡಿಗರು ಈ ಗ್ರಂಥವನ್ನು ಬಲ್ಲುದು ಕ್ರೈಸ್ತರ ಬೈಬಲ್ಲಿನ ಪೂರ್ವಭಾಗವಾಗಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಅದು ಕನ್ನಡಕ್ಕೆ ಬಂದಿತು. 'ಹಳೆಯ ಒಡಂಬಡಿಕೆ' ಎಂಬ ಹೆಸರೇ ನಮ್ಮಲ್ಲಿ ರೂಢಿಯಾಯಿತು. ಯೆಹೂದ್ಯರಿಗಾದರೋ ಅದು ಹಳೆಯದೂ ಅಲ್ಲ, ಪೂರ್ವಭಾಗವೂ ಅಲ್ಲ, ಅದೇ ಪೂರ್ಣಗ್ರಂಥ. ತೋರಾ ಎಂಬ ಧರ್ಮೋಪದೇಶ, ನೆವಿಯೀಮ್ ಎಂಬ ಪ್ರವಾದಿಗಳ ಭಾಗ, ಕೆತೂವೀಮ್ ಎಂಬ ಇತರ ಬರಹಗಳು, ಈ ಮೂರರ ಆದ್ಯಕ್ಷರಗಳನ್ನು ಕೂಡಿಸಿ ಅವರು ಅದನ್ನು ತನಖ್ ಎನ್ನುತ್ತಾರೆ. ಅವರ ಎಣಿಕೆಯಲ್ಲಿ ಅದರೊಳಗಿನ ಗ್ರಂಥಗಳು 24. ಅವುಗಳಲ್ಲಿ ರೂತಳು, ಎಸ್ತೇರಳು ಎಂಬ ಎರಡಕ್ಕೆ ಸ್ತ್ರೀಯರ ಹೆಸರಿದೆ. ಇನ್ನೊಂದು ಮಾತು. ಯೆಹೂದ್ಯ ಪಂಡಿತರು ಮೂಲವನ್ನು ಟೀಕೆಯಿಲ್ಲದೆ ಓದುವವರಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ, ಅದರ ಮೇಲೆ ಬೆಳೆದ ತಲ್ಮೂದ್, ಮಿದ್ರಾಷ್ ಎಂಬ ವ್ಯಾಖ್ಯಾನಗಳು, ಇವೆಲ್ಲ ಕೂಡಿ ಅವರ ಶಾಸ್ತ್ರ. ವಚನಗಳನ್ನು ಟೀಕುಗಳೊಡನೆ ಓದಿ ಬೆಳೆದ ನಮ್ಮ ಮಠದ ವಿದ್ಯಾರ್ಥಿಗಳಿಗೆ ಈ ಕ್ರಮವು ಅಪರಿಚಿತವೆನಿಸಲಾರದು.

ಈ ಗ್ರಂಥದ ಸ್ತ್ರೀಯರನ್ನು ಕುರಿತು ಎರಡು ಸಿದ್ಧಮತಗಳು ಪ್ರಚಾರದಲ್ಲಿವೆ. ಉಪದೇಶಕರ ಮತವು ಒಂದು. ಸಾರಳು ಪತಿವ್ರತೆ, ರೂತಳು ಆದರ್ಶ ಸೊಸೆ, ಹನ್ನಳು ಆದರ್ಶ ತಾಯಿ, ಎಸ್ತೇರಳು ಧೀರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಗುಣದ ಚೀಟಿಯನ್ನು ಅಂಟಿಸಿ ಸಾಲಾಗಿ ನಿಲ್ಲಿಸುವುದು ಇವರ ರೀತಿ. ನಮ್ಮ ಪಂಚಕನ್ಯೆಯರಿಗೂ ಪುರಾಣ ಹೇಳುವವರು ಮಾಡಿದ್ದು ಇದನ್ನೇ. ಇದಕ್ಕೆ ಪ್ರತಿಯಾದ ಮತವು ಆಧುನಿಕ ಆಕ್ಷೇಪಕರದು. ಅಮೆರಿಕದ ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಆಕೆಯ ಸಹಚರಿಯರು 1895 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಹೊರಡಿಸಿದ 'ವುಮನ್ಸ್ ಬೈಬಲ್' ಎಂಬ ಗ್ರಂಥವು ಈ ಮಾರ್ಗಕ್ಕೆ ಮೊದಲ ದೊಡ್ಡ ಹೆಜ್ಜೆ. ಸ್ತ್ರೀಯ ದಾಸ್ಯಕ್ಕೆ ಧರ್ಮಗ್ರಂಥವೇ ಆಧಾರವಾಯಿತೆಂಬುದು ಅದರ ವಾದ. ಆ ವಾದದಲ್ಲಿ ಸತ್ಯಾಂಶ ಬಹಳವಿದೆ. ಆದರೆ ಎರಡೂ ಮತದವರು ಒಂದು ವಿಷಯದಲ್ಲಿ ಏಕಾಭಿಪ್ರಾಯದವರು: ಶಾಸ್ತ್ರವು ಹೇಳುವಂಥದು, ಸ್ತ್ರೀಯು ಕೇಳುವಂಥವಳು ಎಂದು ಇಬ್ಬರೂ ನಂಬಿದ್ದಾರೆ. ಗ್ರಂಥವನ್ನು ನಿಧಾನವಾಗಿ ಓದಿದವರಿಗೆ ಇದಕ್ಕೆ ವಿರುದ್ಧವಾದ ಸಂಗತಿಯೊಂದು ಗೋಚರಿಸುತ್ತದೆ. ಅನೇಕ ಕಡೆಗಳಲ್ಲಿ ಅಲ್ಲಿ ಶಾಸ್ತ್ರವೇ ಸ್ತ್ರೀಯಿಂದ ಕೇಳಿ ಕಲಿತಿದೆ.

ಹನ್ನಳ ಕಥೆಯನ್ನೇ ನೋಡೋಣ. ಸಮುವೇಲನ ಗ್ರಂಥದ ಆರಂಭದಲ್ಲಿ ಅದು ಬರುತ್ತದೆ. ಆಕೆಗೆ ಮಕ್ಕಳಿಲ್ಲ, ಸವತಿಯ ಚುಚ್ಚುಮಾತು ಬೇರೆ. ಶೀಲೋವಿನ ದೇವಾಲಯದಲ್ಲಿ ನಿಂತು ಪ್ರಾರ್ಥಿಸುತ್ತಾಳೆ. ತುಟಿಗಳು ಅಲುಗುತ್ತಿವೆ, ಧ್ವನಿ ಹೊರಡದು. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿಯು ಇವಳು ಕುಡಿದು ಬಂದಿದ್ದಾಳೆಂದು ಭಾವಿಸಿ ಗದರಿಸುತ್ತಾನೆ. ತಾನು ಕುಡಿದವಳಲ್ಲ, ನೊಂದವಳು ಎಂದು ಆಕೆ ವಿನಯದಿಂದ, ಆದರೆ ತಗ್ಗದೆ, ಉತ್ತರ ಕೊಡುತ್ತಾಳೆ. ಯಾಜಕನು ತನ್ನ ಮಾತನ್ನು ಬಿಟ್ಟು ಆಕೆಯನ್ನು ಹರಸುತ್ತಾನೆ. ಉಪದೇಶಕರು ಈ ಕಥೆಯಲ್ಲಿ ಕಾಣುವುದು ಸಂತಾನದ ಹಂಬಲವನ್ನು ಮಾತ್ರ. ತಲ್ಮೂದಿನ ಪಂಡಿತರು ಕಂಡದ್ದೇ ಬೇರೆ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಬೇಕು, ತುಟಿಗಳು ಅಕ್ಷರಗಳನ್ನು ಉಚ್ಚರಿಸಬೇಕು, ಧ್ವನಿಯನ್ನು ಎತ್ತಬಾರದು, ಮದ್ಯ ಸೇವಿಸಿದವನು ಪ್ರಾರ್ಥಿಸಬಾರದು ಎಂಬ ನಿಯಮಗಳನ್ನೆಲ್ಲ ಅವರು ಹನ್ನಳ ನಡೆಯಿಂದಲೇ ತೆಗೆದರು. ಅಷ್ಟಕ್ಕೇ ನಿಲ್ಲದೆ, ನಿರಪರಾಧಿಯನ್ನು ಸಂಶಯಿಸಿದವನು ಆತನನ್ನು ಸಮಾಧಾನಪಡಿಸಿ ಹರಸತಕ್ಕದ್ದೆಂಬ ನಿಯಮವನ್ನೂ ಏಲಿಯ ತಪ್ಪಿನಿಂದ ಕಲಿತರು. ಶ್ರದ್ಧಾವಂತ ಯೆಹೂದ್ಯನು ದಿನಕ್ಕೆ ಮೂರು ಸಲ ನಿಂತು ಮಾಡುವ ಮುಖ್ಯ ಪ್ರಾರ್ಥನೆಯ ವಿಧಾನಕ್ಕೆ ಹೀಗೆ ಒಬ್ಬ ಗೃಹಿಣಿಯೇ ಪ್ರಮಾಣ. ನಮ್ಮಲ್ಲಿ ಉಪಾಂಶು ಜಪವೆಂದು ಕರೆಯುವ ವಿಧಾನಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಜಪನಿಷ್ಠರು ತಾವೇ ಗುರುತಿಸಬಲ್ಲರು.

ಹುಲ್ದಳ ಪ್ರಸಂಗವು ಚಿಕ್ಕದು. ಆದರೆ ವಿಚಾರಕ್ಕೆ ದೊಡ್ಡದು. ಕ್ರಿ.ಪೂ. 622ರ ಸುಮಾರಿಗೆ, ಯೋಷೀಯನೆಂಬ ಅರಸನ ಕಾಲದಲ್ಲಿ, ಯೆರೂಸಲೇಮಿನ ದೇವಾಲಯದ ಜೀರ್ಣೋದ್ಧಾರ ನಡೆಯುವಾಗ ಧರ್ಮಶಾಸ್ತ್ರದ ಒಂದು ಸುರುಳಿ ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸನು ಬಟ್ಟೆಯನ್ನು ಹರಿದುಕೊಂಡನು. ಇದು ನಿಜವಾದ ದೇವವಾಕ್ಯವೋ, ಇದರಿಂದ ತಮಗೆ ಏನು ಕಾದಿದೆಯೋ ಎಂದು ವಿಚಾರಿಸಲು ಮಹಾಯಾಜಕನೂ ರಾಜಲೇಖಕನೂ ಸೇರಿ ಹೋದದ್ದು ಹುಲ್ದಳೆಂಬ ಪ್ರವಾದಿನಿಯ ಮನೆಗೆ. ಆ ವೇಳೆಗಾಗಲೇ ಯೆರೆಮೀಯನು ಪ್ರವಾದಿಯಾಗಿ ಪ್ರಸಿದ್ಧನಾಗಿದ್ದನು. ಅವನನ್ನು ಬಿಟ್ಟು ಇವಳನ್ನೇಕೆ ಕೇಳಿದರೆಂದು ತಲ್ಮೂದ್ ತಾನೇ ಪ್ರಶ್ನೆ ಎತ್ತಿ, ಸ್ತ್ರೀಯರು ಕರುಣೆಯುಳ್ಳವರಾದ್ದರಿಂದ ಎಂದು ಒಂದು ಸಮಾಧಾನವನ್ನು ಕೊಡುತ್ತದೆ. ಈ ಸಮಾಧಾನವು ನಮಗೆ ಒಪ್ಪಿಗೆಯಾಗುವುದಿಲ್ಲ. ಹುಲ್ದಳ ಉತ್ತರದಲ್ಲಿ ಕರುಣೆಯ ಮೃದುತ್ವವೆಲ್ಲಿದೆ? ಈ ನಗರಕ್ಕೆ ನಾಶವು ತಪ್ಪದು, ಪಶ್ಚಾತ್ತಾಪಪಟ್ಟ ಅರಸನು ಮಾತ್ರ ಅದನ್ನು ಕಣ್ಣಾರೆ ಕಾಣನು ಎಂದು ನಿಷ್ಠುರವಾಗಿ ಹೇಳಿ ಕಳುಹಿಸಿದಳು. ಆ ಸುರುಳಿಯು ಇಂದಿನ ಧರ್ಮೋಪದೇಶಕಾಂಡದ ಮೂಲರೂಪವೆಂದು ಅನೇಕ ವಿದ್ವಾಂಸರ ಮತ. ಹಾಗಿದ್ದ ಪಕ್ಷದಲ್ಲಿ, ಸಿಕ್ಕಿದ ಬರಹವೊಂದನ್ನು ದೇವವಾಕ್ಯವೆಂದು ಪ್ರಮಾಣೀಕರಿಸಿದ ಮೊದಲಿಗರಲ್ಲಿ ಒಬ್ಬಳು ಸ್ತ್ರೀ. ಬರ್ಲಿನ್ನಿನ ರೆಗೀನಾ ಯೋನಾಸ್ ಎಂಬಾಕೆಯು ಸ್ತ್ರೀಯು ಧರ್ಮಗುರುವಾಗಬಹುದೆಂದು ಶಾಸ್ತ್ರಾಧಾರಗಳಿಂದಲೇ ಪ್ರಬಂಧ ಬರೆದು ಸಾಧಿಸಿ, 1935ರಲ್ಲಿ ಯೆಹೂದ್ಯರ ಮೊದಲ ಮಹಿಳಾ ರಬ್ಬಿಯಾಗಿ ದೀಕ್ಷೆ ಪಡೆದಳು. 1944ರಲ್ಲಿ ಆಕೆಯನ್ನು ನಾಜಿಗಳು ಔಷ್‌ವಿಟ್ಸ್‌ನಲ್ಲಿ ಕೊಂದರು. ಶಾಸ್ತ್ರವನ್ನು ತೊರೆಯದೆ ಶಾಸ್ತ್ರದೊಳಗಿನಿಂದಲೇ ವಾದ ಹೂಡುವ ಈ ದಾರಿಯು ಹುಲ್ದಳಷ್ಟೇ ಹಳೆಯದು.

ರೂತಳ ವಿಷಯದಲ್ಲಿ ನಮ್ಮ ಜನಕ್ಕೆ ವಿಶೇಷ ಪ್ರೀತಿ. ಗಂಡ ಸತ್ತ ಮೇಲೂ ಅತ್ತೆ ನೊವೊಮಿಯನ್ನು ಬಿಡದೆ ಪರದೇಶಕ್ಕೆ ಬಂದ ಸೊಸೆಯೆಂದರೆ ಯಾರಿಗೆ ತಾನೇ ಮೆಚ್ಚಿಕೆಯಾಗದು? ಆದರೆ ಈ ಮೆಚ್ಚಿಕೆಯ ಭರದಲ್ಲಿ ಆಕೆ ಮೋವಾಬ್ ದೇಶದವಳೆಂಬ ಮುಖ್ಯ ಸಂಗತಿ ಮರೆತುಹೋಗುತ್ತದೆ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವಜನರ ಸಭೆಯಲ್ಲಿ ಸೇರಕೂಡದೆಂದು ಧರ್ಮೋಪದೇಶಕಾಂಡದ ಕಟ್ಟಳೆ. ರೂತಳಾದರೋ ಬೇತ್ಲೆಹೇಮಿಗೆ ಬಂದು, ಬಡವರಿಗೂ ಪರದೇಶಿಗಳಿಗೂ ವಿಧವೆಯರಿಗೂ ಶಾಸ್ತ್ರವು ಬಿಟ್ಟಿದ್ದ ಹಕ್ಕಲು ತೆನೆಯನ್ನು ಆಯ್ದು ಅತ್ತೆಯನ್ನು ಸಾಕಿ, ಬೋವಜನೆಂಬ ಬಂಧುವನ್ನು ವರಿಸಿ, ದಾವೀದ ರಾಜನಿಗೆ ಮುತ್ತಜ್ಜಿಯಾದಳು. ಶಾಸ್ತ್ರವಾಕ್ಯವನ್ನು ಅಕ್ಷರಶಃ ಹಿಡಿದರೆ ದಾವೀದನೇ ಸಭೆಗೆ ಹೊರಗಾಗಬೇಕು! ಆಗ ಪಂಡಿತರು ಏನು ಮಾಡಿದರು? ಆ ನಿಷೇಧವು ಮೋವಾಬಿನ ಪುರುಷರಿಗೆ ಮಾತ್ರ, ಸ್ತ್ರೀಯರಿಗೆ ಅಲ್ಲವೆಂದು ಮಿಷ್ನಾದಲ್ಲಿ ನಿರ್ಣಯಿಸಿದರು. ದಾರಿಯಲ್ಲಿ ಬಂದ ಜನಕ್ಕೆ ಅನ್ನ ನೀರು ಕೊಡಲಿಲ್ಲವೆಂಬುದು ನಿಷೇಧಕ್ಕೆ ಕಾರಣ; ಹೊರಗೆ ಹೋಗಿ ಎದುರುಗೊಳ್ಳುವುದು ಪುರುಷರ ಕರ್ತವ್ಯವಾದ್ದರಿಂದ ಆ ದೋಷ ಸ್ತ್ರೀಯರಿಗೆ ತಗಲದೆಂದು ಅವರ ಸಮರ್ಥನೆ. ಇದು ಜಾಣತನದ ವ್ಯಾಖ್ಯಾನವೆಂದು ನಗುವವರು ನಗಬಹುದು. ನಮಗಾದರೋ ಇಲ್ಲಿ ಕಾಣುವುದು ಬೇರೆ: ಒಬ್ಬ ಸ್ತ್ರೀಯ ಬಾಳು ಎದುರಿಗೆ ನಿಂತಾಗ ಆ ಪಂಡಿತರು ಆಕೆಯನ್ನು ಕತ್ತರಿಸಿ ಶಾಸ್ತ್ರಕ್ಕೆ ಹೊಂದಿಸಲಿಲ್ಲ, ಶಾಸ್ತ್ರವನ್ನು ತೆರೆದು ಆಕೆಗೆ ಎಡೆಮಾಡಿದರು. ಸುಗ್ಗಿಯ ಹಬ್ಬವೂ ಧರ್ಮಶಾಸ್ತ್ರ ದೊರೆತ ದಿನದ ಸ್ಮರಣೆಯೂ ಆದ ಶಾವುವೋಟ್ ಹಬ್ಬದಲ್ಲಿ ಇಂದಿಗೂ ಯೆಹೂದ್ಯರು ಪಾರಾಯಣ ಮಾಡುವುದು ಈ ಪರದೇಶಿ ಸೊಸೆಯ ಕಥೆಯನ್ನೇ.

ಇನ್ನು ಈ ಲೇಖನದ ಮುಖ್ಯ ಪ್ರಸಂಗಕ್ಕೆ ಬರುತ್ತೇವೆ. ಉಪದೇಶಕರ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕುವುದು ಅಪರೂಪ. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಬರುವ ಚಲ್ಪಹಾದನ ಐವರು ಹೆಣ್ಣುಮಕ್ಕಳ ವೃತ್ತಾಂತವಿದು.

ಸಂದರ್ಭವನ್ನು ಮೊದಲು ಹೇಳಬೇಕು. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ಜನರು ನಾಲ್ವತ್ತು ವರ್ಷ ಅರಣ್ಯದಲ್ಲಿ ಅಲೆದು, ವಾಗ್ದಾನದ ನಾಡಿನ ಅಂಚಿಗೆ ಬಂದಿದ್ದಾರೆ. ಜನಗಣತಿಯಾಗಿದೆ. ಎಣಿಸಿದ್ದು ಯುದ್ಧಕ್ಕೆ ಹೊರಡಬಲ್ಲ ಗಂಡಸರನ್ನು. ಆ ಎಣಿಕೆಯ ಪ್ರಕಾರ ಭೂಮಿಯನ್ನು ಹಂಚತಕ್ಕದ್ದೆಂದು ದೇವಾಜ್ಞೆಯಾಗಿದೆ. ಮನಸ್ಸೆ ಕುಲದ ಚಲ್ಪಹಾದನಾದರೋ ಅರಣ್ಯದಲ್ಲಿ ಸತ್ತುಹೋಗಿದ್ದಾನೆ, ಗಂಡುಮಕ್ಕಳಿಲ್ಲ, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳು ಮಾತ್ರ. ಅವರು ಡೇರೆಯಲ್ಲಿ ಕುಳಿತು ಕಣ್ಣೀರು ಹಾಕಲಿಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರ ಮೂಲಕ ಬಿನ್ನಹ ಕಳುಹಿಸಲಿಲ್ಲ. ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆಯ ಮುಂದೆ, ಮಹಾಯಾಜಕನ ಮುಂದೆ, ಕುಲಾಧಿಪತಿಗಳ ಮುಂದೆ, ಸರ್ವ ಸಮೂಹದ ಮುಂದೆ ಐವರೂ ಬಂದು ನಿಂತರು.

ಅವರ ಮಾತು ಬಹು ಮಿತವಾದುದು. ತಮ್ಮ ತಂದೆಯು ಕೋರಹನ ದಂಗೆಯಲ್ಲಿ ಸೇರಿದವನಲ್ಲ, ತನ್ನ ಪಾಪದಿಂದಲೇ ಸತ್ತನು. ಗಂಡುಸಂತಾನವಿಲ್ಲವೆಂಬ ಕಾರಣಕ್ಕೆ ಅವನ ಹೆಸರು ಕುಲದಿಂದ ಏಕೆ ಅಳಿಯಬೇಕು? ತಂದೆಯ ಅಣ್ಣತಮ್ಮಂದಿರ ನಡುವೆ ತಮಗೂ ಸ್ವಾಸ್ತ್ಯವನ್ನು ಕೊಡಬೇಕು. ಇಷ್ಟೇ. ದಯೆಯ ಬೇಡಿಕೆಯಿಲ್ಲ, ಅಬಲೆಯರೆಂಬ ನುಡಿಯಿಲ್ಲ. ತಂದೆಯ ಹೆಸರನ್ನು ಮುಂದಿಟ್ಟರೆಂಬುದು ನಿಜ. ಆ ಸಭೆಗೆ ತಿಳಿಯುವ ಭಾಷೆ ಅದೇ ಆಗಿತ್ತು. ಆದರೆ ಕೇಳಿದ್ದು ತಂದೆಗೆ ಸ್ಮಾರಕವನ್ನಲ್ಲ, ತಮಗೆ ಭೂಮಿಯನ್ನು.

ಮೋಶೆಯು ಆ ಗ್ರಂಥದಲ್ಲಿ ಸಾಮಾನ್ಯನಲ್ಲ. ದೇವರೊಡನೆ ಮುಖಾಮುಖಿಯಾಗಿ ಮಾತನಾಡಿದವನೆಂದು ಕೀರ್ತಿತನಾದ ಶಾಸ್ತ್ರಕರ್ತ. ಅಂಥವನು ಇಲ್ಲಿ ನಿರುತ್ತರನಾದನು. ಇದು ಶಾಸ್ತ್ರದಲ್ಲಿಲ್ಲ, ಹೋಗಿರಿ ಎನ್ನಲಿಲ್ಲ. ಅವರ ನ್ಯಾಯವನ್ನು ದೇವರ ಮುಂದೆ ಇಟ್ಟನು. ಬಂದ ಉತ್ತರವು ಆ ಐವರು ಹೇಳುವುದು ಸರಿಯೆಂಬುದೇ ಆಗಿತ್ತು. ಅವರಿಗೆ ಪಾಲು ಕೊಡಬೇಕೆಂದಷ್ಟೇ ಅಲ್ಲದೆ, ಮುಂದೆ ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿಯು ಹೆಣ್ಣುಮಕ್ಕಳಿಗೆ, ಅವರಿಲ್ಲದಿದ್ದರೆ ಅಣ್ಣತಮ್ಮಂದಿರಿಗೆ, ಬಳಿಕ ತಂದೆಯ ಸೋದರರಿಗೆ, ಬಳಿಕ ಹತ್ತಿರದ ಬಂಧುವಿಗೆ ಎಂದು ಇಡೀ ಜನಕ್ಕೆ ಅನ್ವಯಿಸುವ ದಾಯಕ್ರಮವೇ ಅಲ್ಲಿ ಹುಟ್ಟಿತು.

ವಿಮರ್ಶಕನು ಇಲ್ಲಿ ಸ್ವಲ್ಪ ನಿಲ್ಲಬೇಕು. ಸರ್ವಜ್ಞನಾದ ದೇವರು ಈ ವಿಧಿಯನ್ನು ಮೊದಲೇ ಹೇಳಬಹುದಾಗಿತ್ತಲ್ಲ? ಸಂಕಲನಕಾರರಾದರೂ ಹೊಸ ವಿಧಿಯನ್ನು ಹಳೆಯದರೊಳಗೆ ಸದ್ದಿಲ್ಲದೆ ಸೇರಿಸಿಬಿಡಬಹುದಾಗಿತ್ತು. ಹಲವು ಕಾಲದ ಹಲವು ಕೈಗಳು ಈ ಕಾಂಡಗಳನ್ನು ಕೂಡಿಸಿವೆಯೆಂದು ವಿದ್ವಾಂಸರು ಹೇಳುತ್ತಾರೆ. ಹಾಗೆ ಮಾಡಲಿಲ್ಲ. ಶಾಸ್ತ್ರದಲ್ಲಿ ಕೊರತೆಯಿತ್ತು, ಅದನ್ನು ಐವರು ಸ್ತ್ರೀಯರು ತೋರಿಸಿಕೊಟ್ಟರು, ಶಾಸ್ತ್ರವು ತಿದ್ದಿಕೊಂಡಿತು ಎಂಬ ಇತಿಹಾಸವನ್ನೇ ಶಾಸ್ತ್ರದೊಳಗೆ ಉಳಿಸಿದರು, ಅದೂ ಹೆಸರುಗಳ ಸಹಿತ. ಎಷ್ಟೋ ರಾಣಿಯರ ಹೆಸರೂ ಸಿಕ್ಕದ ಆ ಗ್ರಂಥದಲ್ಲಿ ಈ ಐವರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ಟೀಕಾಕಾರರಿಗೂ ಇವರ ಮೇಲೆ ಬಹಳ ಅಭಿಮಾನ. ಭೂಮಿಯು ಗಂಡಸರಿಗೆ ಮಾತ್ರವೆಂದು ಕೇಳಿದಾಗ ಐವರೂ ಕೂಡಿ ಆಲೋಚಿಸಿದರಂತೆ. ಮನುಷ್ಯರ ಕರುಣೆಯು ಗಂಡಿನ ಮೇಲೆ ಹೆಚ್ಚು, ದೇವರ ಕರುಣೆಯಾದರೋ ಗಂಡುಹೆಣ್ಣುಗಳ ಮೇಲೆ ಸಮ ಎಂಬ ನಿಶ್ಚಯದಿಂದ ಹೊರಟರಂತೆ. ಸಿಫ್ರೇ ಎಂಬ ಪ್ರಾಚೀನ ಮಿದ್ರಾಷಿನ ಅಭಿಪ್ರಾಯವಿದು. ತಲ್ಮೂದ್ ಅವರ ಬಾಯಲ್ಲಿ ಒಂದು ತರ್ಕವನ್ನೇ ಇಟ್ಟಿದೆ. ಸಂತಾನವಿಲ್ಲದೆ ಸತ್ತವನ ವಿಧವೆಯನ್ನು ಅವನ ಸೋದರನು ವರಿಸಬೇಕೆಂಬುದು ಅವರ ನಿಯಮ. ಐವರೂ ಕೇಳಿದರಂತೆ: ನಾವು ಸಂತಾನವೆಂದು ಲೆಕ್ಕಕ್ಕೆ ಬರುವುದಾದರೆ ನಮಗೆ ದಾಯವನ್ನು ಕೊಡಿ, ಬಾರದೆ ಹೋದರೆ ನಮ್ಮ ತಾಯಿಯನ್ನು ನಿಸ್ಸಂತಾನೆಯೆಂದು ಎಣಿಸಿ ಮೈದುನನಿಗೆ ವಿವಾಹ ಮಾಡಿಕೊಡಿ. ಒಂದು ಕಡೆ ಹೆಣ್ಣನ್ನು ಸಂತಾನವೆಂದು ಎಣಿಸಿ, ಇನ್ನೊಂದು ಕಡೆ ಎಣಿಸದಿರುವುದು ಹೇಗೆ ಸಾಧ್ಯ? ನಮ್ಮ ನೈಯಾಯಿಕರು ಉಭಯತಃಪಾಶಾರಜ್ಜು ಎನ್ನುವುದು ಇಂಥದನ್ನೇ. ಹನ್ನೊಂದನೆಯ ಶತಮಾನದ ಮಹಾಟೀಕಾಕಾರ ರಾಶಿಯು ಮೋಶೆಗೆ ಕಾಣದ್ದು ಇವರಿಗೆ ಕಂಡಿತೆಂಬ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಬರೆದಿದ್ದಾನೆ.

ಇಷ್ಟರಲ್ಲಿಯೇ ಮುಗಿಸಿದ್ದರೆ ಕಥೆ ಸುಖಾಂತವಾಗುತ್ತಿತ್ತು. ಗ್ರಂಥವು ಹಾಗೆ ಮುಗಿಸಿಲ್ಲ. ಅರಣ್ಯಕಾಂಡದ ಕಡೆಯ ಅಧ್ಯಾಯದಲ್ಲಿ ಗಿಲ್ಯಾದ್ ಮನೆತನದ ಹಿರಿಯರು ಮೋಶೆಯ ಬಳಿಗೆ ಬರುತ್ತಾರೆ. ಈ ಹೆಣ್ಣುಮಕ್ಕಳು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಕುಲದ ಭೂಮಿ ಅವರ ಹಿಂದೆಯೇ ಹೋಗುತ್ತದಲ್ಲ ಎಂಬುದು ಅವರ ಅಹವಾಲು. ಆಗ, ಆಸ್ತಿ ಪಡೆದ ಹೆಣ್ಣು ತನ್ನ ಕುಲದಲ್ಲಿಯೇ ಮದುವೆಯಾಗಬೇಕೆಂಬ ಕಟ್ಟು ಬಂದಿತು. ಐವರೂ ತಂದೆಯ ಸೋದರರ ಮಕ್ಕಳನ್ನು ಮದುವೆಯಾದರು. ಮೊದಲನೆಯ ಸಲ ಐವರು ಮಾತನಾಡಿದ್ದರು. ಎರಡನೆಯ ಸಲ ಅವರ ಮಾತು ಒಂದೂ ದಾಖಲಾಗಿಲ್ಲ. ಹಿರಿಯರು ಬರುವಾಗ ಆ ಐವರನ್ನು ಕರೆದಿದ್ದರೋ ಇಲ್ಲವೋ, ಗ್ರಂಥದಲ್ಲಿ ಸುಳಿವಿಲ್ಲ. ಕೊಟ್ಟ ಹಕ್ಕನ್ನು ಕಸಿದುಕೊಳ್ಳದೆಯೇ ಸುತ್ತ ಬೇಲಿ ಹಾಕುವ ಉಪಾಯ ಎಷ್ಟು ಪುರಾತನವಾದುದೆಂಬುದಕ್ಕೆ ಇದು ನಿದರ್ಶನ. ಆ ಕಟ್ಟು ಒಂದೇ ತಲೆಮಾರಿಗೆ ಸೀಮಿತವೆಂದು ತಲ್ಮೂದಿನ ಪಂಡಿತರು ಬಳಿಕ ನಿರ್ಣಯಿಸಿದರು; ಕುಲಕುಲಗಳ ನಡುವೆ ವಿವಾಹಕ್ಕೆ ಅನುಮತಿ ದೊರೆತ ದಿನವೆಂದು ಆವ್ ಮಾಸದ ಹದಿನೈದನೆಯ ದಿನವನ್ನು ಕೊಂಡಾಡಿದರು. ಅಂದು ಯೆರೂಸಲೇಮಿನ ಕನ್ಯೆಯರು ಬಿಳಿಯ ಬಟ್ಟೆಗಳನ್ನು ಒಬ್ಬರಿಂದೊಬ್ಬರು ಕಡ ಪಡೆದು ಉಟ್ಟು, ಬಟ್ಟೆಯಿಲ್ಲದವಳಿಗೆ ನಾಚಿಕೆಯಾಗದಂತೆ ನೋಡಿಕೊಂಡು, ದ್ರಾಕ್ಷಿತೋಟಗಳಲ್ಲಿ ಕುಣಿಯುತ್ತಿದ್ದರೆಂದು ಮಿಷ್ನಾ ತಿಳಿಸುತ್ತದೆ. ಆದರೂ ಮೂಲದ ಕೊರತೆ ಉಳಿದೇ ಇತ್ತು: ಅಣ್ಣತಮ್ಮಂದಿರಿರುವ ಹೆಣ್ಣಿಗೆ ಆ ಶಾಸ್ತ್ರದಲ್ಲಿ ದಾಯವಿಲ್ಲ. ಇಸ್ರೇಲ್ ರಾಜ್ಯದಲ್ಲಿ ಗಂಡುಹೆಣ್ಣುಗಳಿಗೆ ಸಮಪಾಲು ವಿಧಿಸಿದ ಉತ್ತರಾಧಿಕಾರದ ಕಾನೂನು ಬಂದದ್ದು 1965ರಲ್ಲಿ.

ಐವರಿಗೂ ಭೂಮಿ ಕೈಸೇರಿದ್ದು ಯೆಹೋಶುವನ ಕಾಲದಲ್ಲಿ. ಅದೂ ಅವರು ಮತ್ತೊಮ್ಮೆ ಹೋಗಿ ಆಜ್ಞೆಯನ್ನು ನೆನಪಿಸಿದ ಮೇಲೆ. ಆಜ್ಞೆಯಾಗುವುದೇ ಬೇರೆ, ಅಳೆದು ಕೊಡುವುದೇ ಬೇರೆ! 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಸಮಾರ್ಯದಲ್ಲಿ ಉತ್ಖನನ ಮಾಡಿದಾಗ ಕ್ರಿ.ಪೂ. ಎಂಟನೆಯ ಶತಮಾನದ ಮಡಕೆಚೂರುಗಳು ಸಿಕ್ಕಿದವು. ದ್ರಾಕ್ಷಾರಸ, ಎಣ್ಣೆಗಳ ಲೆಕ್ಕ ಬರೆದ ಆ ಚೂರುಗಳಲ್ಲಿ ನೋವಾ, ಹೊಗ್ಲಾ ಎಂಬುವು ಊರುಕೇರಿಗಳ ಹೆಸರಾಗಿ ಕಾಣುತ್ತವೆ. ತಿರ್ಚಾ ಎಂಬುದು ಉತ್ತರರಾಜ್ಯದ ಮೊದಲ ರಾಜಧಾನಿಗಳಲ್ಲೊಂದು. ಪ್ರದೇಶಗಳ ಹೆಸರಿನಿಂದಲೇ ಈ ಸ್ತ್ರೀಪಾತ್ರಗಳು ಹುಟ್ಟಿರಬೇಕೆಂದು ಕೆಲವು ವಿದ್ವಾಂಸರು ತರ್ಕಿಸುತ್ತಾರೆ. ಇರಬಹುದು. ಹಾಗಿದ್ದರೂ, ತಮ್ಮ ಸೀಮೆಗಳ ಮೂಲವನ್ನು ಹೇಳಬೇಕಾದಾಗ ಆ ಜನರು ಪಾಲು ಕೇಳಿದ ಹೆಣ್ಣುಮಕ್ಕಳ ಕಥೆಯನ್ನೇ ಹೇಳಿದರೆಂಬುದು ಕಡಿಮೆ ಸಂಗತಿಯಲ್ಲ.

ಆ ಗ್ರಂಥದಲ್ಲಿ ಎಲ್ಲ ಹೆಣ್ಣಿಗೂ ಇಂಥ ಸಭೆ ದೊರೆಯಲಿಲ್ಲ. ಹಾಗರಳು, ದಾವೀದನ ಮಗಳು ತಾಮಾರಳು, ನ್ಯಾಯಸ್ಥಾಪಕರು ಎಂಬ ಗ್ರಂಥದಲ್ಲಿ ಬರುವ ಹೆಸರಿಲ್ಲದ ಉಪಪತ್ನಿ, ಯೆಫ್ತಾಹನ ಮಗಳು, ಈ ನಾಲ್ವರ ಕಥೆಗಳನ್ನು ಅಮೆರಿಕದ ವಿದುಷಿ ಫಿಲಿಸ್ ಟ್ರಿಬಲ್ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಭೀಕರ ಪಠ್ಯಗಳೆಂದು ಕರೆದು ವಿಮರ್ಶಿಸಿದ್ದಾಳೆ. ಆಕೆಯ ವಿಮರ್ಶೆಯ ಗುಣವೆಂದರೆ ಗ್ರಂಥವನ್ನು ಎಸೆಯುವುದೂ ಇಲ್ಲ, ಅದರ ಪರವಾಗಿ ವಕಾಲತ್ತು ವಹಿಸುವುದೂ ಇಲ್ಲ. ನಾಲ್ಕರಲ್ಲಿ ಯೆಫ್ತಾಹನ ಮಗಳ ವಿಷಯವನ್ನು ಮಾತ್ರ ಇಲ್ಲಿ ಎತ್ತುತ್ತೇವೆ, ಅದು ಧರ್ಮಪೀಠಗಳಲ್ಲಿ ಕುಳಿತವರಿಗೆ ಸಂಬಂಧಿಸಿದ್ದಾದ್ದರಿಂದ.

ಯುದ್ಧದಲ್ಲಿ ಗೆದ್ದು ಬಂದರೆ ತನ್ನ ಮನೆಯ ಬಾಗಿಲಿಂದ ಎದುರುಬಂದುದನ್ನು ಬಲಿಕೊಡುವೆನೆಂದು ಯೆಫ್ತಾಹನು ಹರಕೆ ಹೊತ್ತನು. ಎದುರುಬಂದವಳು ದಮ್ಮಡಿ ಹಿಡಿದು ಕುಣಿಯುತ್ತ ಬಂದ ಒಬ್ಬಳೇ ಮಗಳು. ತಂದೆಯು ಮಾತಿಗೆ ತಪ್ಪಲಾರೆನೆಂದು ಬಟ್ಟೆ ಹರಿದುಕೊಂಡನೇ ಹೊರತು ಯಾರನ್ನೂ ಕೇಳಲಿಲ್ಲ. ಹರಕೆ ಹೊತ್ತ ಮನುಷ್ಯರನ್ನು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳುವ ಕ್ರಮ ಯಾಜಕಕಾಂಡದಲ್ಲಿಯೇ ಇದೆ. ಇಪ್ಪತ್ತು ವರ್ಷದೊಳಗಿನ ಹೆಣ್ಣಿಗೆ ಅಲ್ಲಿಯ ದರ 10 ಶೆಕೆಲ್ ಬೆಳ್ಳಿ, ಗಂಡಿಗಾದರೆ 20. ದರದಲ್ಲಿ ಅರ್ಧವಾದರೂ ಪ್ರಾಣವಂತೂ ಉಳಿಯುತ್ತಿತ್ತು. ಇಂಥ ಹರಕೆಗೆ ಆ ಬೆಳ್ಳಿಯೂ ಬೇಕಿರಲಿಲ್ಲ, ಅದು ಮೊದಲೇ ಅಸಿಂಧುವೆಂದು ಮಿದ್ರಾಷಿನಲ್ಲಿ ಒಬ್ಬ ಪಂಡಿತನ ಮತ. ಹಾಗಾದರೆ ಹರಕೆಯನ್ನು ಬಿಡಿಸಬಲ್ಲ ಮಹಾಯಾಜಕ ಫೀನೆಹಾಸನು ಇರಲಿಲ್ಲವೇ ಎಂಬ ಪ್ರಶ್ನೆಗೆ ಅದೇ ಮಿದ್ರಾಷ್ ಕೊಡುವ ಉತ್ತರವು ಮೈನಡುಗಿಸುವಂಥದು. ಮಹಾಯಾಜಕನ ವಂಶದವನಾದ ತಾನು ಆ ಪಾಮರನ ಬಳಿಗೆ ಹೋಗುವುದೇ ಎಂದು ಫೀನೆಹಾಸನು ಕುಳಿತನು. ಜನನಾಯಕನಾದ ತಾನು ಅವನ ಬಳಿಗೆ ಹೋಗುವುದೇ ಎಂದು ಯೆಫ್ತಾಹನು ಕುಳಿತನು. ಇಬ್ಬರ ಪ್ರತಿಷ್ಠೆಯ ನಡುವೆ ಹುಡುಗಿ ಹೋದಳು. ಯೆಫ್ತಾಹನ ಅಂಗಗಳು ಒಂದೊಂದಾಗಿ ಉದುರಿದುವೆಂದೂ ಫೀನೆಹಾಸನನ್ನು ದೈವೀಶಕ್ತಿಯು ಬಿಟ್ಟುಹೋಯಿತೆಂದೂ ಪಂಡಿತರು ಇಬ್ಬರಿಗೂ ಶಿಕ್ಷೆ ವಿಧಿಸಿದ್ದಾರೆ. ಚಲ್ಪಹಾದನ ಮಕ್ಕಳಿಗೂ ಇವಳಿಗೂ ಇದ್ದ ವ್ಯತ್ಯಾಸ ಶಾಸ್ತ್ರದ್ದಲ್ಲ. ಅಲ್ಲಿ ಕೇಳುವವನೊಬ್ಬ ಬಾಗಿಲಲ್ಲಿದ್ದನು, ಇಲ್ಲಿ ಇರಲಿಲ್ಲ.

ದೂರದ ದೇಶದ ಈ ದಾಯವಿಚಾರವು ನಮಗೇಕೆಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ದಾಯವನ್ನು ನಿರ್ಣಯಿಸಿದ ಮಿತಾಕ್ಷರವು ರಚಿತವಾದದ್ದು ನಮ್ಮ ಕಲ್ಯಾಣದಲ್ಲಿಯೇ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಅದನ್ನು ಬರೆದನು. ಕೆಲವೇ ದಶಕಗಳ ಬಳಿಕ ಅದೇ ಪಟ್ಟಣದಲ್ಲಿ ಬಸವಣ್ಣನವರೂ ಶರಣೆಯರೂ ಕೂಡಿ ಕುಳಿತರು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂದು ಮಿತಾಕ್ಷರದ ಸಿದ್ಧಾಂತ. ಮಗಳಿಗೆ ಆ ಹಕ್ಕಿಲ್ಲ. ವಿಭಕ್ತನಾದವನಿಗೆ ಗಂಡುಸಂತಾನವೂ ಪತ್ನಿಯೂ ಇಲ್ಲದಿದ್ದಾಗ ಮಗಳ ಸರದಿ. ಚಲ್ಪಹಾದನ ಮಕ್ಕಳಿಗೆ ದೊರೆತುದಕ್ಕೆ ಇದು ಬಹಳ ಹತ್ತಿರದ್ದು. ಸ್ತ್ರೀಧನಕ್ಕೆ ವಿಜ್ಞಾನೇಶ್ವರನು ವಿಶಾಲವಾದ ಅರ್ಥ ಕೊಟ್ಟನೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಹೆಣ್ಣಿಗೆ ಇಷ್ಟಲಿಂಗವನ್ನು ಕೊಟ್ಟ ನಮ್ಮ ಪರಂಪರೆಯು ಹೊಲಮನೆಯ ವಿಷಯ ಬಂದಾಗ ಮಿತಾಕ್ಷರದ ನೆರಳಿನಲ್ಲಿಯೇ ನಡೆಯಿತು. ಅಕ್ಕಮಹಾದೇವಿಯ ಹೆಸರನ್ನು ಹೇಳಿ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ನಾವು ಪಾಲುಪತ್ರದಲ್ಲಿ ಅಕ್ಕತಂಗಿಯರ ಹೆಸರನ್ನು ಹುಡುಕಿದರೆ ಕಾಣುವುದೇನು?

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿದೆ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಮಗಳು ಹುಟ್ಟಿನಿಂದಲೇ ಸಹದಾಯಾದಿಯಾದಳು. ಅದಕ್ಕೆ ಮೊದಲು ಮದುವೆಯಾದವರನ್ನು ಮಾತ್ರ ಆ ತಿದ್ದುಪಡಿಯು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ತಂದೆಯು 2005ರಲ್ಲಿ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಮಗಳ ಪರವಾಗಿ ಪರಿಹರಿಸಿತು. ಆಜ್ಞೆಯಾಯಿತು. ಇನ್ನು ಅಳೆದು ಕೊಡುವ ಮಾತು. ತಂದೆಯ ಉತ್ತರಕ್ರಿಯೆ ಮುಗಿದು ವಾರವಾಗುವಷ್ಟರಲ್ಲಿ ಹೆಣ್ಣುಮಕ್ಕಳನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು, ಒಂದು ಸೀರೆ ಕೊಟ್ಟು ಉಡಿ ತುಂಬಿ ಕಳುಹಿಸುವುದು, ಒಪ್ಪದವಳಿಗೆ ಪಾಲು ಬೇಕೋ ತವರು ಬೇಕೋ ಎಂದು ಕೇಳುವುದು, ಇವು ಎಲ್ಲ ಊರಿನ ಭಕ್ತರಿಗೂ ತಿಳಿದ ಸಂಗತಿಗಳು. ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ. ಅದು ಅವರ ಇಷ್ಟ. ಗಿಲ್ಯಾದಿನ ಹಿರಿಯರಂತೆ ಅವರಿಲ್ಲದೆ ಕುಳಿತು ನಿರ್ಣಯಿಸುವುದು ಬೇರೆಯ ಮಾತು. ಮಗಳು ಪರರ ಮನೆಗೆ ಹೋಗುವವಳು, ಶಾಸ್ತ್ರದಲ್ಲಿಯೇ ಪಾಲಿಲ್ಲವಲ್ಲ ಎಂದು ನಮ್ಮ ಮುಂದೆ ಹೇಳುವ ಹಿರಿಯರುಂಟು. ಆ ಹೇಳಿಕೆಯ ಹೊತ್ತಿಗೆ ಮಗಳು ಅಲ್ಲಿ ಇರುವುದಿಲ್ಲ. ಆದ್ದರಿಂದ ಸದ್ಭಕ್ತರಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇವೆ. ಪಾಲುಪಾರಿಕತ್ತಿನ ವ್ಯಾಜ್ಯಗಳನ್ನು ಶ್ರೀಮಠದ ಸನ್ನಿಧಿಗೆ ತರುವವರು ಮನೆಯ ಹೆಣ್ಣುಮಕ್ಕಳನ್ನೂ, ಕೊಟ್ಟ ಊರು ಎಷ್ಟೇ ದೂರವಿರಲಿ, ಜೊತೆಗೆ ಕರೆತರಬೇಕು. ಅವರ ಮಾತನ್ನು ಅವರ ಬಾಯಿಂದಲೇ ಕೇಳದೆ ಇನ್ನು ಮುಂದೆ ನಾವು ಅಂಥ ವಿಷಯದಲ್ಲಿ ಅಭಿಪ್ರಾಯ ಕೊಡುವುದಿಲ್ಲ.